ಉಸಿರಿಗೆ ಯಾವ ದಡದ ಸೇರು?

ತುಂಗಭದ್ರೆಯ ಆಚೆ ದಡ ಹರಿಹರ, ಈಚೆ ದಡ ನಮ್ಮ ಕುಮಾರಪಟ್ಟಣ. ಈಗ ಸೇತುವೆ ದಾಟುವವರಿಗೆ ತಾವು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಕಾಲಿಟ್ಟೆವೆಂಬುದೂ ಗಮನಕ್ಕೆ ಬರುವುದಿಲ್ಲ. 1956ಕ್ಕೆ ಮೊದಲು ಹಾಗಿರಲಿಲ್ಲ. ಆಚೆಯದು ಮೈಸೂರು ಸಂಸ್ಥಾನದ ನೆಲ, ಈಚೆಯದು ಮುಂಬಯಿ ಪ್ರಾಂತ್ಯದ ನೆಲ. ನಮ್ಮಜ್ಜ ಹೇಳುತ್ತಿದ್ದ: ಜೋಳ ಹೇರಿಕೊಂಡು ಹೊಳೆ ದಾಟಿದರೆ ಚೀಲ ಅದೇ, ಜೋಳ ಅದೇ, ಲೆಕ್ಕ ಮಾತ್ರ ಬೇರೆ. ಆ ದಡದ ಸೇರೇ ಬೇರೆ, ಈ ದಡದ ಸೇರೇ ಬೇರೆ. ಈಚೆ ತುಂಬಿದ ಚೀಲ ಆಚೆ ಹೋದರೆ ಕಡಿಮೆ ಬೀಳುತ್ತಿತ್ತಂತೆ. 'ದಾರಿಯಾಗ ಇಲಿ ತಿಂದ್ವೇನು?' ಎಂದು ವ್ಯಾಪಾರಿ ಕೇಳುತ್ತಿದ್ದನಂತೆ.

ರಾಜ್ಯಗಳು ಒಂದಾದ ಆ 1956ರಲ್ಲೇ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಎಂಬ ಕಾನೂನೂ ಬಂತು. ಕ್ರಮೇಣ ಸೇರು, ಪಾವು, ಚಟಾಕುಗಳು ಹೋಗಿ ಕಿಲೋ, ಲೀಟರುಗಳು ಬಂದವು. ಜೋಳದ ತಕರಾರು ಅಲ್ಲಿಗೆ ಮುಗಿಯಿತು. ಮನುಷ್ಯನ ಉಸಿರಿನ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. ಉಸಿರನ್ನು ಅಳೆಯುವುದೇನೋ ಎಲ್ಲೆಡೆಯೂ ಲೀಟರಿನಲ್ಲೇ. ಆದರೆ ಅಳೆದದ್ದು ಸಾಕೋ, ಕಡಿಮೆಯೋ ಎಂದು ತೀರ್ಪು ಕೊಡುವ ಸೇರು ಮಾತ್ರ ಇನ್ನೂ ಊರಿಗೊಂದು.

ಇದನ್ನು ನಾನು ತಿಳಿದದ್ದು ಪಾಠ ಹೇಳುವ ಪುಸ್ತಕದಿಂದಲ್ಲ, ನಮ್ಮ ಮನೆಯಲ್ಲೇ ಸಿಕ್ಕ ಎರಡು ಹಾಳೆಗಳಿಂದ. 2023ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ನಾನೂ ನಮ್ಮಣ್ಣನೂ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸಿಕೊಂಡೆವು. ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅದಕ್ಕೆ ಮುಂಚಿನ ತಪಾಸಣೆಗಳಲ್ಲಿ ಇದೂ ಒಂದು. ಅಣ್ಣನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಅವನು ಬೇರೊಂದು ಕಡೆ ತೋರಿಸಿಕೊಂಡ. ಫಲಿತಾಂಶ ತಮಾಷೆಯಾಗಿತ್ತು, ನಗು ಬರಲಿಲ್ಲವಷ್ಟೆ. ದಿನಾ ಐದು ಕಿಲೋಮೀಟರ್ ಸೈಕಲ್ ತುಳಿದು ಶಾಲೆಗೆ ಹೋಗುವ ನನ್ನ ಹಾಳೆಯಲ್ಲಿ 'ಸಾಮರ್ಥ್ಯ ಕುಂದಿದೆ' ಎಂದಿತ್ತು. ಅಂಗಳದಿಂದ ಅಟ್ಟಕ್ಕೆ ಹೋಗಲು ಎರಡು ಸಲ ನಿಲ್ಲುವ ಅಣ್ಣನ ಹಾಳೆಯಲ್ಲಿ 'ಸಾಮಾನ್ಯ' ಎಂದಿತ್ತು.

ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ಪು ಹಾಕುತ್ತಾರೆ. ಎದೆ ತುಂಬ ಗಾಳಿ ಎಳೆದುಕೊಂಡು ಕೊಳವೆಯೊಳಕ್ಕೆ ಒಂದೇ ಬಾರಿಗೆ ರಭಸವಾಗಿ ಊದಬೇಕು. ಒಳಗಿನದೆಲ್ಲ ಖಾಲಿಯಾಗುವ ತನಕ ಬಿಡಬಾರದು. ಪಕ್ಕದಲ್ಲಿ ನಿಂತ ಹುಡುಗಿ 'ಊದ್ರಿ ಸರ್, ಇನ್ನೂ ಊದ್ರಿ, ಬಿಡಬ್ಯಾಡ್ರಿ' ಎಂದು ಎತ್ತಿಗೆ ಹುರುಪು ಕೊಟ್ಟ ಹಾಗೆ ಕೂಗುತ್ತಿರುತ್ತಾಳೆ. ಕಡಿಮೆಯೆಂದರೆ ಮೂರು ಸಲ ಸರಿಯಾಗಿ ಊದಿಸಿ, ಅವು ಒಂದಕ್ಕೊಂದು ಹೊಂದುತ್ತವೆಯೇ ನೋಡುತ್ತಾರೆ.

ಯಂತ್ರ ಮುಖ್ಯವಾಗಿ ಎರಡು ಅಂಕಿ ಕೊಡುತ್ತದೆ. ಒಟ್ಟು ಎಷ್ಟು ಗಾಳಿ ಹೊರಬಂತು ಎಂಬುದು ಒಂದು, ಇದು ಎಫ್‌ವಿಸಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಬಂತು ಎಂಬುದು ಇನ್ನೊಂದು, ಇದು ಎಫ್‌ಇವಿ-1. ಉಸಿರಿನ ಕೊಳವೆಗಳು ಕಿರಿದಾಗಿದ್ದರೆ, ಬಾಯಿ ಸಣ್ಣದಾದ ಸೀಸೆಯಿಂದ ನೀರು ಬಗ್ಗಿಸಿದ ಹಾಗೆ, ಮೊದಲ ಸೆಕೆಂಡಿನ ಪಾಲು ತಗ್ಗುತ್ತದೆ. ಅಸ್ತಮಾ, ಬೀಡಿ ಸೇದುವವರ ಉಬ್ಬಸ, ಹತ್ತಿ ದೂಳಿನ ಕಾಯಿಲೆ ಈ ಜಾತಿಯವು. ಶ್ವಾಸಕೋಶವೇ ಗಡುಸಾಗಿ ಹಿಗ್ಗದೆ ಹೋದರೆ, ಸೀಸೆಯೇ ಸಣ್ಣದಾದ ಹಾಗೆ, ಎರಡೂ ಅಂಕಿಗಳು ಒಟ್ಟಿಗೇ ತಗ್ಗುತ್ತವೆ. ಕಲ್ಲು ದೂಳಿನ ಕೆಲವು ಕಾಯಿಲೆಗಳು ಈ ಜಾತಿಗೆ ಸೇರುತ್ತವೆ.

ಇಲ್ಲಿಯವರೆಗೆ ಎಲ್ಲ ಸರಳ. ಹಾಳೆಯಲ್ಲಿ ಅಳೆದ ಅಂಕಿಯ ಪಕ್ಕದಲ್ಲೇ 'ನಿರೀಕ್ಷಿತ' ಎಂಬ ಇನ್ನೊಂದು ಅಂಕಣವಿರುತ್ತದೆ. ಅದರ ಪಕ್ಕದಲ್ಲಿ ಶೇಕಡಾ. ನಮ್ಮ ಹಣೆಬರಹ ನಿರ್ಧಾರವಾಗುವುದು ಆ ಶೇಕಡಾದಲ್ಲಿ. ಅಳೆದದ್ದು ನನ್ನ ಉಸಿರು, ಸರಿ. ನಿರೀಕ್ಷಿಸಿದವರು ಯಾರು?

ಈ ನಿರೀಕ್ಷೆಗೆ ನೂರೆಂಬತ್ತು ವರ್ಷದ ಇತಿಹಾಸವಿದೆ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ತಾನು ಮಾಡಿದ ಸ್ಪೈರೋಮೀಟರಿನ ವಿವರ ಪ್ರಕಟಿಸಿದ. ನಾವಿಕರು, ಪೊಲೀಸರು, ಬೆಂಕಿ ನಂದಿಸುವವರು, ಕುಸ್ತಿ ಆಡುವವರು, ಬಡಬಗ್ಗರು, ಸಿರಿವಂತರು ಎಂದು ಎರಡು ಸಾವಿರಕ್ಕೂ ಹೆಚ್ಚು ಮಂದಿಯಿಂದ ಊದಿಸಿ ಲೆಕ್ಕ ಬರೆದಿದ್ದ. ಅವನು ಕಂಡ ನಿಯಮ ಇದು: ಆಳಿನ ಎತ್ತರ ಒಂದು ಅಂಗುಲ ಹೆಚ್ಚಿದರೆ ಊದುವ ಗಾಳಿ ಎಂಟು ಘನ ಅಂಗುಲ, ಅಂದರೆ ಸುಮಾರು 130 ಮಿಲಿಲೀಟರ್ ಹೆಚ್ಚುತ್ತದೆ. ಈ ಯಂತ್ರ ಜೀವವಿಮೆಯವರಿಗೆ ಉಪಯೋಗಕ್ಕೆ ಬರುತ್ತದೆಂದೂ ಅವನು ಹೇಳಿದ್ದ. ಒಬ್ಬನ ಉಸಿರನ್ನು ಇನ್ನೊಬ್ಬರ ಉಸಿರಿನೊಡನೆ ಹೋಲಿಸಿ ಹಣದ ಲೆಕ್ಕ ಹಾಕುವ ವಿಚಾರ ಯಂತ್ರದ ಜೊತೆಯಲ್ಲೇ ಹುಟ್ಟಿತು.

ಹಚಿನ್ಸನ್ನನ ಪ್ರಯೋಗವನ್ನು ನಾನು ವರ್ಷವೂ ಒಂಬತ್ತನೇ ತರಗತಿಯಲ್ಲಿ ಮಾಡಿಸುತ್ತೇನೆ. ಖರ್ಚು ಏನೂ ಇಲ್ಲ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಗುರುತು ಹಾಕಿ, ನೀರು ತುಂಬಿ, ನೀರಿನ ಬುಟ್ಟಿಯಲ್ಲಿ ತಲೆಕೆಳಗಾಗಿ ಹಿಡಿದು, ಬಾಯೊಳಕ್ಕೆ ರಬ್ಬರ್ ನಳಿಕೆ ತೂರಿಸಿದರೆ ಆಯಿತು. ಪ್ರತಿ ಮಗುವಿಗೂ ಊದಲು ಬೇರೆ ಬೇರೆ ಕೊಳವೆ ತುಂಡು. ಊದಿದಷ್ಟು ನೀರು ಇಳಿಯುತ್ತದೆ. ಅಡ್ಡಕ್ಕೆ ಎತ್ತರ, ಉದ್ದಕ್ಕೆ ಗಾಳಿ ಹಾಕಿ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿಸುತ್ತೇನೆ. ಚುಕ್ಕೆಗಳು ಮೇಲೇರುತ್ತ ಹೋಗುತ್ತವೆ. ಎತ್ತರದವರಿಗೆ ಹೆಚ್ಚು ಗಾಳಿ ಎಂಬುದು ಮಕ್ಕಳಿಗೇ ಕಾಣುತ್ತದೆ. ಆದರೆ ಚುಕ್ಕೆಗಳು ಗೆರೆಯ ಮೇಲೆ ಕೂರುವುದಿಲ್ಲ. ಸೊಳ್ಳೆಗಳ ಗುಂಪಿನಂತೆ ಗೆರೆಯ ಮೇಲೂ ಕೆಳಗೂ ಹಾರಾಡುತ್ತಿರುತ್ತವೆ. ಒಂದು ವರ್ಷ ಒಂದೇ ಎತ್ತರದ, ಒಂದೇ ಬೆಂಚಿನ ಇಬ್ಬರು ಹುಡುಗರ ನಡುವೆ ಮುಕ್ಕಾಲು ಲೀಟರಿನ ವ್ಯತ್ಯಾಸ ಬಂತು. ಇಬ್ಬರೂ ಕಬಡ್ಡಿ ತಂಡದವರು. 'ಸರ್, ಇವನಿಗೇನ್ ರೋಗ ಐತೇನ್ರಿ?' ಎಂದು ಹುಡುಗಿಯೊಬ್ಬಳು ಕೇಳಿದಳು. ಇಡೀ ವಿಷಯದ ಗಂಟು ಆ ಪ್ರಶ್ನೆಯಲ್ಲೇ ಇದೆ.

'ನಿರೀಕ್ಷಿತ' ಎಂದರೆ ಆ ಗುಂಪಿನ ನಡುವೆ ಎಳೆದ ಗೆರೆ, ಅಷ್ಟೇ. ಆರೋಗ್ಯವಂತರಲ್ಲೇ ಅರ್ಧ ಜನ ಅದರ ಕೆಳಗಿರಬೇಕು, ಇರುತ್ತಾರೆ. ಹಾಗಾದರೆ ಎಲ್ಲಿಂದ ಕೆಳಗಿದ್ದರೆ ಅನುಮಾನ ಪಡಬೇಕು? ಬಹುಕಾಲ ನೂರಕ್ಕೆ 80 ಎಂಬ ಸುಲಭ ಸಂಖ್ಯೆ ನಡೆಯಿತು, ಈಗಲೂ ಅನೇಕ ಕಡೆ ನಡೆಯುತ್ತಿದೆ. ಇದರಲ್ಲಿ ತೊಡಕಿದೆ. ಚುಕ್ಕೆಗಳ ಚದುರುವಿಕೆ ಗಿಡ್ಡ ಆಳಿಗೂ ಎತ್ತರದ ಆಳಿಗೂ, ಯುವಕನಿಗೂ ಮುದುಕನಿಗೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಗೆರೆ ಮಾತ್ರ ತಗ್ಗುತ್ತದೆ. ಹಾಗಾಗಿ ಗಿಡ್ಡ ಮುದುಕ ರೋಗವಿಲ್ಲದೆಯೂ 80ರ ಕೆಳಗೆ ಬೀಳಬಹುದು. ಎತ್ತರದ ಯುವಕ ರೋಗವಿದ್ದೂ ಮೇಲೆ ಉಳಿಯಬಹುದು. ಆದ್ದರಿಂದಲೇ ಇತ್ತೀಚಿನ ತಜ್ಞರು ಬೇರೆ ಗೆರೆಯೊಂದನ್ನು ಹೇಳುತ್ತಾರೆ. ನೂರು ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ತೀರ ಕೆಳಗಿನ ಐದು ಮಂದಿ ಯಾವ ಮಟ್ಟಕ್ಕಿಂತ ಕೆಳಗಿರುತ್ತಾರೋ ಅದು 'ಸಾಮಾನ್ಯದ ಕೆಳಮಿತಿ'. ಇದೂ ದೇವರ ವಾಕ್ಯವಲ್ಲ. ಲೆಕ್ಕದ ಪ್ರಕಾರವೇ ನೂರರಲ್ಲಿ ಐದು ಆರೋಗ್ಯವಂತರು ಇದರ ಕೆಳಗಿರುತ್ತಾರೆ.

ಇನ್ನು ಸೇರಿನ ಮಾತು. ಈ ಸಾಲಿನಲ್ಲಿ ನಿಂತ ನೂರು ಜನ ಯಾವ ಊರಿನವರು? ಭಾರತದಲ್ಲಿ ಬಳಕೆಗೆ ಬಂದ ಅನೇಕ ಯಂತ್ರಗಳ ಒಳಗಿದ್ದದ್ದು ಯೂರೋಪಿನವರ, ಅಮೆರಿಕದವರ ಲೆಕ್ಕ. ಅದೇ ವಯಸ್ಸಿನ, ಅದೇ ಎತ್ತರದ ನಮ್ಮವರು ಊದಿದರೆ ಅಷ್ಟು ಗಾಳಿ ಬರುವುದಿಲ್ಲವೆಂದು ನಮ್ಮ ಸಂಶೋಧಕರು ಹಿಂದೆಯೇ ಕಂಡಿದ್ದರು. ಮದರಾಸಿನಲ್ಲಿ ಆರೋಗ್ಯವಂತ ಯುವಜನರನ್ನು ಅಳೆದ ಲೆಕ್ಕ 1990ರಲ್ಲಿ ಪ್ರಕಟವಾಯಿತು; ಮುಂಬಯಿ, ದೆಹಲಿ, ಚಂಡೀಗಢಗಳಲ್ಲೂ ಇಂಥ ಕೆಲಸವಾಗಿದೆ. ಸುಲಭದ ದಾರಿ ಹುಡುಕಿದವರು ಯೂರೋಪಿನ ಅಂಕಿಯನ್ನು ನೂರಕ್ಕೆ ಹತ್ತರಷ್ಟು ಕಡಿತ ಮಾಡಿ ನಮ್ಮದೆಂದು ಇಟ್ಟುಕೊಂಡರು. ಚಂಡೀಗಢದ ವೈದ್ಯರು 2005ರಲ್ಲಿ ಇದನ್ನು ಪರಿಶೀಲಿಸಿ, ಹೀಗೆ ಎಲ್ಲರಿಗೂ ಒಂದೇ ಕಡಿತ ಹಾಕುವುದು ಸರಿಹೋಗುವುದಿಲ್ಲ ಎಂದರು. 2012ರಲ್ಲಿ ಎಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನರ ಅಳತೆಯಿಂದ ಜಾಗತಿಕ ಪಟ್ಟಿ ತಯಾರಾದಾಗಲೂ ಅದರಲ್ಲಿ ಭಾರತದವರಿಗೆಂದು ಪ್ರತ್ಯೇಕ ಅಂಕಣ ಇರಲಿಲ್ಲ.

ಹಾಗಾದರೆ ನಮ್ಮದೇ ಸೇರು ಮಾಡಿಕೊಂಡರೆ ಸಮಸ್ಯೆ ಮುಗಿಯಿತೇ? ಅದೂ ಇಲ್ಲ. ಶ್ವಾಸಕೋಶ ಬೆಳೆಯುವುದು ತಾಯಿಯ ಹೊಟ್ಟೆಯಲ್ಲಿ, ಆಮೇಲೆ ಬಾಲ್ಯದಲ್ಲಿ. ಬಸುರಿಯ ಊಟ, ಕೂಸಿನ ತೂಕ, ಒಲೆಯ ಹೊಗೆ, ಪದೇ ಪದೇ ಬರುವ ನೆಗಡಿ ಕೆಮ್ಮು, ಎಲ್ಲವೂ ಅದರ ಮೇಲೆ ಬರೆಯುತ್ತವೆ. ನಮ್ಮವರ ಉಸಿರು ಕಡಿಮೆಯಾಗಿರುವುದರಲ್ಲಿ ಮೈಕಟ್ಟಿನ ಪಾಲೆಷ್ಟು, ಬಡತನದ ಪಾಲೆಷ್ಟು? ಎಲ್ಲವನ್ನೂ ಹುಟ್ಟುಗುಣವೆಂದು ತೀರ್ಮಾನಿಸಿದರೆ ಕೊರತೆಯೇ 'ಸಾಮಾನ್ಯ' ಆಗಿಬಿಡುತ್ತದೆ. ಅಮೆರಿಕದಲ್ಲಿ ಹೀಗೇ ಆಗಿತ್ತು. 1850ರ ದಶಕದ ಕಾರ್ಟ್‌ರೈಟ್ ಎಂಬ ವೈದ್ಯ ಕಪ್ಪು ಜನರ ಉಸಿರಿನ ಶಕ್ತಿ ನೂರಕ್ಕೆ 20ರಷ್ಟು ಕಡಿಮೆ ಎಂದು ಹೇಳಿ, ಅದನ್ನೇ ಗುಲಾಮಗಿರಿಯ ಸಮರ್ಥನೆಗೆ ಬಳಸಿದ. ಆ ಕಡಿತ ಒಂದಲ್ಲ ಒಂದು ರೂಪದಲ್ಲಿ ಯಂತ್ರದೊಳಗೆ ಉಳಿಯಿತು. 1999ರಲ್ಲಿ ಬಾಲ್ಟಿಮೋರಿನಲ್ಲಿ ಕಲ್ನಾರಿನ ದೂಳು ಕುಡಿದ ಕಾರ್ಮಿಕರ ಪರಿಹಾರದ ಮೊಕದ್ದಮೆಗಳಲ್ಲಿ, ಕಪ್ಪು ಕಾರ್ಮಿಕರು ಬಿಳಿಯರಿಗಿಂತ ಹೆಚ್ಚು ಉಸಿರು ಕಳೆದುಕೊಂಡಿದ್ದರೆ ಮಾತ್ರ ದಾವೆ ಹೂಡಬಹುದೆಂದು ಕಂಪನಿಯ ಕಡೆಯವರು ವಾದಿಸಲು ನೋಡಿದರು. ಕೊನೆಗೆ 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ, ಜನಾಂಗದ ಅಂಕಣವನ್ನೇ ತೆಗೆದು ಎಲ್ಲರಿಗೂ ಒಂದೇ ಸರಾಸರಿ ಇಡಿ ಎಂದು ಹೇಳಿತು. ಒಂದೇ ಸೇರು. ಆದರೆ ಅದರಿಂದ ಅಳೆದರೆ ನಮ್ಮಂಥ ಸಣ್ಣೆದೆಯ ಆರೋಗ್ಯವಂತರು ಇನ್ನಷ್ಟು ಮಂದಿ 'ಕಡಿಮೆ' ಎನ್ನಿಸಿಕೊಳ್ಳುತ್ತಾರೆ. ಅತ್ತ ದರಿ, ಇತ್ತ ಪುಲಿ.

ನಮ್ಮ ಮನೆಯ ಎರಡು ಹಾಳೆಗಳಿಗೆ ಬರುತ್ತೇನೆ. ಆಗ ನನಗೆ 54 ವರ್ಷ. ಎತ್ತರ 163 ಸೆಂಟಿಮೀಟರ್. ಊದಿದ್ದು 2.80 ಲೀಟರ್. ಯಂತ್ರ ನಿರೀಕ್ಷಿಸಿದ್ದು 3.65. ನೂರಕ್ಕೆ 77. 'ಸಾಮರ್ಥ್ಯ ಕುಂದಿದೆ.' ಕೆಳಗೆ ಸಣ್ಣ ಅಕ್ಷರದಲ್ಲಿ ಯೂರೋಪಿನ ಪಟ್ಟಿಯ ಹೆಸರಿತ್ತು. ಸ್ಕ್ಯಾನ್ ಮಾಡಿಸಿ ಎಂದರು. ಹದಿನೈದು ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ನನ್ನಾಕೆ ನನ್ನ ಸೈಕಲ್ಲಿನ ಬೀಗದ ಕೈ ಅಡಗಿಸಿಟ್ಟಳು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆಮೇಲೆ ಕಂಡ ಎದೆರೋಗದ ವೈದ್ಯರು ನಮ್ಮ ದೇಶದ ಲೆಕ್ಕ ಹಾಕಿ ತೋರಿಸಿದರು. ನನ್ನಂಥವನಿಗೆ ನಿರೀಕ್ಷಿತ ಸುಮಾರು 3.1 ಲೀಟರ್. ಅದೇ ಗಾಳಿ ಈಗ ನೂರಕ್ಕೆ 90. ನಮ್ಮಜ್ಜನ ಚೀಲ ಈಚೆ ದಡಕ್ಕೆ ವಾಪಸು ಬಂದಿತ್ತು.

ಅಣ್ಣನ ಕಥೆ ಹಾಗಲ್ಲ. ಅವನು 172 ಸೆಂಟಿಮೀಟರ್ ಎತ್ತರ, ಪ್ರಾಯದಲ್ಲಿ ಗರಡಿ ಮನೆಗೆ ಹೋಗಿ ಸಾಮು ಮಾಡಿದವನು, ಬೀಡಿ ಮುಟ್ಟಿದವನಲ್ಲ. 1994ರಲ್ಲಿ, 29ನೇ ವಯಸ್ಸಿಗೆ, ದೂರದ ನೂಲಿನ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಹತ್ತಿಯನ್ನು ಹಿಂಜುವ, ಎಳೆ ತೆಗೆಯುವ ವಿಭಾಗ. ದೂಳು ಜಾಸ್ತಿ ಇರುವುದೇ ಅಲ್ಲಿ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿದು ಕಟ್ಟಿದಂತಾಗುವುದು, ನಾಲ್ಕು ದಿನಕ್ಕೆ ಸಡಿಲವಾಗುವುದು, ಮತ್ತೆ ರಜೆ, ಮತ್ತೆ ಬಿಗಿತ. ಹತ್ತಿ ದೂಳಿನ ಬಿಸಿನೋಸಿಸ್ ರೋಗದ ಗುರುತೇ ಇದು; 1948ರ ಕಾರ್ಖಾನೆ ಕಾಯ್ದೆ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಅಣ್ಣ ಅದನ್ನು ಕರೆಯುತ್ತಿದ್ದದ್ದು 'ಸೋಮವಾರದ ಜ್ವರ' ಎಂದು. ಗಿರಣಿ ಬಿಟ್ಟ ಮೇಲೂ ಹತ್ತಿ ಬಿಡಲಿಲ್ಲ. ಅರಳೆ ಗೋದಾಮಿನಲ್ಲಿ ಕೆಲಸ ಹಿಡಿದ.

2023ರಲ್ಲಿ, 58ನೇ ವಯಸ್ಸಿಗೆ, ಮೊದಲ ಸೆಕೆಂಡಿನಲ್ಲಿ ಅವನು ಊದಿದ್ದು 2.45 ಲೀಟರ್. ಅವನ ಹಾಳೆಯಲ್ಲಿ ಭಾರತದ ಲೆಕ್ಕವೇ ಇತ್ತು. ನಿರೀಕ್ಷಿತ 2.87, ನೂರಕ್ಕೆ 85. ಸಾಮಾನ್ಯ. 'ತಮ್ಮಾ, ಮಷಿನ್ನು ನಾ ಚಲೋ ಅದೀನಿ ಅಂತೈತಿ. ಮತ್ತ ಅಟ್ಟ ಹತ್ತಾಕ ಯಾಕ ಆಗವಲ್ದು?' ಎಂದ. ವಯಸ್ಸಾಯಿತಲ್ಲ, ಅದಕ್ಕೇ ಎಂದು ಮನೆಯವರೆಲ್ಲ ಸಮಾಧಾನ ಹೇಳಿದರು. ಅತ್ತಿಗೆ ಮಾತ್ರ ಒಪ್ಪಲಿಲ್ಲ. ಟ್ರಂಕಿನಲ್ಲಿ ಮದುವೆಯ ಲಗ್ನಪತ್ರಿಕೆ, ರೇಷನ್ ಕಾರ್ಡುಗಳ ಜೊತೆಗೆ ಗಿರಣಿಗೆ ಸೇರುವಾಗಿನ ವೈದ್ಯಕೀಯ ಕಾಗದವನ್ನು ಆಕೆ ಜೋಪಾನ ಮಾಡಿದ್ದಳು. ಅದರಲ್ಲಿತ್ತು ನೋಡಿ: ಎಫ್‌ಇವಿ-1, 4.10 ಲೀಟರ್.

ಆ ಎರಡು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದೆ. 29 ವರ್ಷದಲ್ಲಿ 1.65 ಲೀಟರ್ ಹೋಗಿದೆ. ವರ್ಷಕ್ಕೆ ಸುಮಾರು 57 ಮಿಲಿಲೀಟರ್. ಮೂವತ್ತು ದಾಟಿದ ಮೇಲೆ ಎಲ್ಲರ ಉಸಿರೂ ಇಳಿಯುತ್ತದೆ, ಆದರೆ ಆರೋಗ್ಯವಂತರಲ್ಲಿ ಅದು ವರ್ಷಕ್ಕೆ 25ರಿಂದ 30 ಮಿಲಿಲೀಟರ್ ಮಾತ್ರ. ಅಣ್ಣನದು ಇಮ್ಮಡಿ ವೇಗದಲ್ಲಿ ಇಳಿದಿತ್ತು. ಹಾಗಾದರೂ ಯಂತ್ರಕ್ಕೆ ಯಾಕೆ ತಿಳಿಯಲಿಲ್ಲ? ಅವನು ಹೊರಟದ್ದೇ ಸರಾಸರಿಗಿಂತ ಬಹಳ ಮೇಲಿನಿಂದ. ಆ ಕಾಲಕ್ಕೆ ಅವನದು ನೂರಕ್ಕೆ 112. ಅಲ್ಲಿಂದ 85ಕ್ಕೆ ಇಳಿದವನನ್ನು ಯಂತ್ರ, ಮೊದಲಿನಿಂದಲೂ 85ರಲ್ಲೇ ಇದ್ದವನ ಪಕ್ಕದಲ್ಲಿ ಕೂರಿಸಿತು. ಹುಟ್ಟಾ ಸಣ್ಣ ತೊಟ್ಟಿಯಿರುವವನನ್ನೂ ದೊಡ್ಡ ತೊಟ್ಟಿ ಸೋರಿ ಅಷ್ಟಕ್ಕೇ ಇಳಿದವನನ್ನೂ ಒಂದೇ ದಿನದ ಅಳತೆ ಬೇರ್ಪಡಿಸಲಾರದು.

ಹಳೆಯ ಕಾಗದ ನೋಡಿದ ಕೂಡಲೇ ಎದೆರೋಗದ ವೈದ್ಯರ ಮುಖ ಬದಲಾಯಿತು. 'ಇದನ್ನು ಮೊದಲೇ ತಂದಿದ್ದರೆ' ಎಂದರು. ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟು, ಹತ್ತಿಯ ಹತ್ತಿರ ಹೋಗಬೇಡಿ ಎಂದರು. ಅಣ್ಣ ಗೋದಾಮು ಬಿಟ್ಟ. ಈಗ ಸ್ವಲ್ಪ ಹಗುರ. ಹೋದ ಉಸಿರಿನ ಬಹುಪಾಲು ತಿರುಗಿ ಬರುವುದಿಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು.

ನಮ್ಮ ಜಿಲ್ಲೆಯಲ್ಲಿ ಉಸಿರು ಸವೆಸಿ ದುಡಿಯುವವರು ಕಡಿಮೆಯೇನಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸೆರಗು ಮೂಗಿಗೆ ಕಟ್ಟಿಕೊಂಡು ಘಾಟಿನ ನಡುವೆ ದಿನವಿಡೀ ಕೂರುತ್ತಾರೆ. ಹತ್ತಿ ಜಿನ್ನಿಂಗಿನವರಿದ್ದಾರೆ, ಇಟ್ಟಿಗೆ ಭಟ್ಟಿಯವರಿದ್ದಾರೆ, ಅಕ್ಕಿ ಗಿರಣಿಯವರಿದ್ದಾರೆ, ಸೌದೆ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದ ತಾಯಂದಿರಿದ್ದಾರೆ. ಇವರಲ್ಲಿ ಎಷ್ಟು ಮಂದಿಯ ಮನೆಯ ಟ್ರಂಕಿನಲ್ಲಿ 1994ರ ಕಾಗದ ಇದ್ದೀತು?

ಆದ್ದರಿಂದ ಮೇಷ್ಟ್ರ ಅಭ್ಯಾಸದಂತೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಪರೀಕ್ಷೆಗೆ ಹೋದಾಗ ಚಪ್ಪಲಿ ಬಿಟ್ಟು ಎತ್ತರ ಅಳೆಸಿಕೊಳ್ಳಿ. ಬಾಯಿಮಾತಿನ ಎತ್ತರದಲ್ಲಿ ಐದು ಸೆಂಟಿಮೀಟರ್ ತಪ್ಪಿದರೆ ನಿರೀಕ್ಷಿತ ಅಂಕಿ ಕಾಲು ಲೀಟರಿಗೂ ಮೀರಿ ಹೆಚ್ಚು ಕಡಿಮೆಯಾಗುತ್ತದೆ. ಹೋಲಿಸಿದ್ದು ಯಾವ ದೇಶದವರ ಲೆಕ್ಕದೊಡನೆ ಎಂದು ಕೇಳಿ. ಕೇಳಿದರೆ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಶೇಕಡಾ ಒಂದನ್ನೇ ನೋಡಿ ಹೆದರಬೇಡಿ, ಅದೊಂದನ್ನೇ ನೋಡಿ ನಿಶ್ಚಿಂತರೂ ಆಗಬೇಡಿ. ಪಟ್ಟಿ ಬದಲಾದರೆ ಶೇಕಡಾ ಬದಲಾಗುತ್ತದೆ, ಊದಿದ ಲೀಟರು ಬದಲಾಗುವುದಿಲ್ಲ. ಎರಡು ಪರೀಕ್ಷೆಗಳ ನಡುವಿನ ಸಣ್ಣ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಹಲವು ವರ್ಷಗಳ ಅಂಕಿಗಳನ್ನು ಸಾಲಾಗಿಟ್ಟು ನೋಡಿ.

ನನ್ನ ಹಳೆಯ ವಿದ್ಯಾರ್ಥಿಗಳು ಕಾರ್ಖಾನೆಗೋ ಗಿರಣಿಗೋ ಸೇರುವ ಮುನ್ನ ಹೇಳಲು ಬರುತ್ತಾರೆ. ಸಂಬಳ ಎಷ್ಟು, ಪಾಳಿ ಯಾವುದು ಎಂದು ಕೇಳಿದ ಮೇಲೆ ಈಗ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಸೇರುವ ಮೊದಲ ವಾರವೇ ಉಸಿರು ಅಳೆಸಿಕೋ, ಆ ಕಾಗದದ ಒಂದು ಪ್ರತಿ ಕೇಳಿ ತಗೋ, ಅದನ್ನು ಅವ್ವನ ಕೈಗೆ ಕೊಡು. ಹುಡುಗರು ಕಳೆದುಹಾಕುತ್ತಾರೆ. ಅವ್ವಂದಿರು ಕಳೆಯುವುದಿಲ್ಲ.